ಶುಕೂರ್ ಹಾಕಿದ ಕುರ್ಚಿ

ದರ್ಬೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಶುಕೂರ್ ಹತ್ತು ವರ್ಷಗಳಿಂದ ಬೆಳಗಿನ ನಮಾಝ್ ಮುಗಿಸಿ ಆರು ಕಿಲೋಮೀಟರ್ ಓಡುತ್ತಿದ್ದ. ಒಂದು ಹೆಜ್ಜೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಯಲ್ಲಿ ಮಾತ್ರ ಸದಾ ನೂರು, ನೂರೈವತ್ತು ಕಿಲೋಮೀಟರ್ ಓಡುವವರದೇ ಸುದ್ದಿ. ಚಪ್ಪಲಿ ಕೊಳ್ಳಲು ಬಂದವರಿಗೂ ಮೊಬೈಲಿನಲ್ಲಿ ಅವರನ್ನು ತೋರಿಸದೆ ಬಿಡುತ್ತಿರಲಿಲ್ಲ.

"ಓಡುದು ಅವರು, ಬೆವರುದು ನೀವು," ಎಂದು ಹೆಂಡತಿ ಫೌಝಿಯಾ ಕಿಚಾಯಿಸುತ್ತಿದ್ದಳು.

ಕಳೆದ ಡಿಸೆಂಬರಿನಲ್ಲಿ ಗುತ್ತಿಗಾರಿನಿಂದ ಗುಡ್ಡ ಸುತ್ತಿ ಸುಳ್ಯ ಮುಟ್ಟುವ ಎಂಬತ್ತು ಕಿಲೋಮೀಟರ್ ಓಟ ನಡೆಯಿತು. ಸಂಜೆ ಐದರೊಳಗೆ ಮುಟ್ಟಿದವರಿಗಷ್ಟೇ ಪದಕ. ಶುಕೂರ್ ಅಂಗಡಿಗೆ ಬಾಗಿಲು ಹಾಕಿ, ಸುಳ್ಯಕ್ಕೆ ಇನ್ನು ಹತ್ತೇ ಕಿಲೋಮೀಟರ್ ಇರುವ ಅರಂತೋಡಿನಲ್ಲಿ ನೀರು ಕೊಡಲು ನಿಂತ. ಯಾರನ್ನೂ ಕೂರಿಸಬೇಡಿ ಎಂದು ಸಂಘಟಕರು ಹೇಳಿದ್ದರು. ಇದೆಂಥ ಮಾತು! ಬಂದವರನ್ನು ನಿಲ್ಲಿಸಿಯೇ ನೀರು ಕೊಟ್ಟು ಕಳುಹಿಸುವುದು ಅವನ ಮನೆತನದಲ್ಲೇ ಇಲ್ಲ. ಪಕ್ಕದ ಅಂಗಡಿಯಿಂದ ಕುರ್ಚಿ ತಂದು ಹಾಕಿದ. ಫೌಝಿಯಾ ಕಟ್ಟಿಕೊಟ್ಟ ಅಕ್ಕಿರೊಟ್ಟಿಯಂಥ ಪತ್ತಿರಿ, ಕೋಳಿ ಸಾರು ಬಿಚ್ಚಿಟ್ಟ.

ಮೊದಲು ಬಂದವರು ಕುರ್ಚಿಯ ಕಡೆ ನೋಡಲೂ ಇಲ್ಲ. ಮೂರೂಕಾಲಿಗೆ ಕುಮುದಿನಿ ಬಂದಳು. ಕಡಬದಲ್ಲಿ ಟೀಚರ್, ಓಡುವ ಬೂಟಿಗೆ ಶುಕೂರನ ಅಂಗಡಿಗೇ ಬರುವವಳು, ಅಣ್ಣ ಎನ್ನುವ ಹಾಗೆ ಅವನನ್ನು ಶುಕೂರಾಕ ಎನ್ನುವವಳು.

"ಒಂದು ನಿಮಿಷ ಕೂತ್ಕೊಳ್ಳಿ ಮಾರಾಯ್ರೆ, ಎಂತಾದ್ರೂ ತಿನ್ನಿ. ಹಾಗೇ ಹೋಗುದು ಉಂಟಾ?"

ಹಿರಿಯನ ಮಾತು ತೆಗೆದುಹಾಕಲಾರದೆ ಅವಳು ಕೂತಳು. ಎರಡು ಪತ್ತಿರಿ ತಿಂದಳು. ಏಳಲು ಹೋದಾಗ ತೊಡೆ ಹಿಡಿದುಕೊಂಡಿತು. ಶುಕೂರ್ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಹತ್ತಿರ ಓಡಿದ. ತಾನು ಮುಟ್ಟಿ ತಿಕ್ಕುವಂತಿಲ್ಲ. ಕುರ್ಚಿ ಕೊಟ್ಟ ಅಂಗಡಿಯ ಹೆಂಗಸನ್ನು ಕೂಗಿ ಕರೆದ. ಆಕೆ ಎಣ್ಣೆ ತಿಕ್ಕಿ ಎಬ್ಬಿಸುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು.

ಕುಮುದಿನಿ ಸುಳ್ಯ ಮುಟ್ಟಿದ್ದು ಐದು ಗಂಟೆ ಆರು ನಿಮಿಷಕ್ಕೆ. ಪದಕ ಸಿಗಲಿಲ್ಲ. ಸ್ಕೂಟರಿನಲ್ಲಿ ಹಿಂದೆಯೇ ಬಂದಿದ್ದ ಶುಕೂರ್ ತಲೆ ತಗ್ಗಿಸಿ ಅವಳೆದುರು ನಿಂತ.

"ಎಲ್ಲ ನನ್ನಿಂದ ಆದದ್ದು ಟೀಚರ್. ಮಾಫ್ ಮಾಡಿ."

"ಕೂತದ್ದು ನಾನಲ್ವಾ ಶುಕೂರಾಕ?" ಕುಮುದಿನಿ ಬೂಟಿನ ದಾರ ಸಡಿಲಿಸುತ್ತ ಹೇಳಿದಳು. "ಬರುವ ವರ್ಷ ನೀವೂ ಓಡಿ. ಯಾಕೆ ಕೂರ್ಬಾರ್ದು ಅಂತ ಆಗ ಗೊತ್ತಾಗ್ತದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇಷ್ಟು ವರ್ಷಗಳಲ್ಲಿ ಒಬ್ಬರೂ ಅವನಿಗೆ ನೀವೂ ಓಡಿ ಎಂದಿರಲಿಲ್ಲ. ನಲವತ್ತೊಂಬತ್ತರ ಶುಕೂರ್ ಸುಳ್ಯದ ರಸ್ತೆ ಬದಿಯಲ್ಲಿ, ಅಷ್ಟು ಜನರ ನಡುವೆ ಅತ್ತೇಬಿಟ್ಟ.