ಭಾನುಮತಿ ಟೀಚರ್ ಹೇಳಿದ ಭೂಕಂಪ

ಪ್ರತಾಪ ನಗರದ ಆ ಕಟ್ಟಡದಲ್ಲಿ ಭಾನುಮತಿಯನ್ನು ಎಲ್ಲರೂ ಟೀಚರ್ ಎಂದೇ ಕರೆಯುತ್ತಿದ್ದರು. ಧಾರವಾಡದಿಂದ ಮದುವೆಯಾಗಿ ನಾಗಪುರಕ್ಕೆ ಬಂದವಳು, ನಿವೃತ್ತಿಯವರೆಗೂ ಶಾಲೆಯಲ್ಲಿ ಭೂಗೋಳ ಕಲಿಸಿದ್ದಳು. ಈಗ ಅವಳ ಮಾತು ಕೇಳುವವರು ಕಡಿಮೆ. ಕನ್ನಡದ ಹೆಂಗಸರು ಭಜನೆಗೆ ಸೇರಿದಾಗ ಯಾರಾದರೂ ಏನಾದರೂ ಕೇಳಿದರೆ ಅವಳಿಗೆ ಅದೇ ಹಬ್ಬ.

ರಷ್ಯಾದ ಕಾಮ್ಚಾಟ್ಕಾದಲ್ಲಿ ಭಾರೀ ಭೂಕಂಪವಾದ ಮರುದಿನ ಸಂಜೆ ಭಜನೆ ಮುಗಿದಿತ್ತು. ಮಾತು ಅದರ ಕಡೆಗೇ ಹೊರಳಿತು.

"ಅಷ್ಟು ದೊಡ್ಡ ಭೂಕಂಪ ಆತಂದ್ರ ಅದರ ಅಲಿ ಇಡೀ ಭೂಮಿ ಸುತ್ತತಾವು," ಎಂದಳು ಭಾನುಮತಿ. "ಎಲ್ಲಿ ನೆಲದಾಗ ಬಿರುಕು ಐತಿ ಅಲ್ಲಿ ಮತ್ತೊಂದು ಎಬ್ಬಸ್ತಾವು. ಲಾತೂರ್ ಕಡೆ ತೊಂಬತ್ಮೂರರಾಗ ಆದ ಕಿಲಾರಿ ಭೂಕಂಪ ಮರ್ತೀರೇನು? ಇದೊಂದು ವಾರ ಹುಷಾರ್ ಇರ್ರಿ."

"ನಾಗಪುರದಾಗೂ ಆಗ್ತೈತೇನ್ರಿ?" ಯಾರೋ ಕೇಳಿದರು.

"ಯಾಕ ಆಗಬಾರದು? ಇಲ್ಲೇ ಆಗ್ತೈತಿ."

ಅವಳು ಓದಿದ್ದರಲ್ಲಿ ಹಾಗಿರಲಿಲ್ಲ. ಅಲೆಗಳು ದೂರದ ಬಿರುಕನ್ನು ತುಸು ಅಲುಗಿಸಬಹುದು, ಆದರೆ ಒಂದು ದೊಡ್ಡ ಭೂಕಂಪ ಇನ್ನೊಂದು ದೊಡ್ಡದನ್ನು ದೂರದಲ್ಲಿ ಎಬ್ಬಿಸುತ್ತದೆಂಬುದು ಸಾಬೀತಾಗಿಲ್ಲ ಎಂದಿತ್ತು. ಪ್ರಸಾದ ಹಿಡಿದ ಕೈಗಳು ತನ್ನ ಮಾತಿಗೆ ನಿಂತದ್ದು ಕಂಡಾಗ ಆ "ಬಹುದು" ಬಾಯಿಂದ ಬರಲೇ ಇಲ್ಲ.

ಬೆಳಿಗ್ಗೆ ಹಾಲು ತರಲು ಇಳಿದಾಗ ಪಾರ್ಕಿಂಗಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಯಲ್ಲಮ್ಮ ಸೆರಗು ಹೊದ್ದು ಕೂತಿದ್ದರು. ಮೂರನೇ ಮಹಡಿಯ ಜಯಾಳ ಅತ್ತೆ. ಮೊನ್ನೆಯಷ್ಟೇ ಊರಿಂದ ಬಂದವರು. ಜಯಾ ಚಹಾದ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ನಿಮ್ಮ ಭೂಕಂಪದ ಮಾತು ಕೇಳಿ ಭಜನಿಯಿಂದ ಬಂದವ್ರು, ರಾತ್ರಿಯಿಂದ ಮ್ಯಾಲ ಬರಾಕ ಒಲ್ಲೆ ಅಂತಾರ್ರೀ ಟೀಚರ್. ಅತ್ತಿಯವರ ಊರು ಉಮರ್ಗಾ ಕಡೆ. ಕಿಲಾರಿ ಭೂಕಂಪದಾಗ ಅವರ ಮಗಳು ಗ್ವಾಡಿ ಬುಡಕ ಸಿಕ್ಕು ಹೋದಳು. ನಮ್ಮನಿಯವರು ಆಗ ಕೈಗೂಸು."

ಜಯಾಳ ದನಿಯಲ್ಲಿ ದೂರು ಇರಲಿಲ್ಲ.

"ನಾ ಹಂಗ ಹೇಳಿಲ್ಲವಾ," ಎಂದುಬಿಟ್ಟಳು ಭಾನುಮತಿ. "ಅವರು ತಪ್ಪು ತಿಳ್ಕೊಂಡಿರಬೇಕು."

ಯಲ್ಲಮ್ಮ ತಲೆಯೆತ್ತಿ ನೋಡಿದರು. ಭಾನುಮತಿ ಹಾಲು ತರುವುದನ್ನೂ ಬಿಟ್ಟು ಮೆಟ್ಟಿಲು ಹತ್ತಿದಳು.

ಮಧ್ಯಾಹ್ನ ಮಳೆ ಜೋರಾಯಿತು. ಬಾಲ್ಕನಿಯಿಂದ ಬಗ್ಗಿ ನೋಡಿದರೆ ಎರಚಲು ಪಾರ್ಕಿಂಗಿನೊಳಗೆ ನುಗ್ಗುತ್ತಿತ್ತು. ಮುದುಕಿ ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡು ಕೂತಿದ್ದರು.

ಗಂಡ ಶಂಕರಪ್ಪನೂ ಬಂದು ಬಗ್ಗಿ ನೋಡಿದ. "ನೀ ಅಂದದ್ದು ಖರೇನ?"

"ಇಲ್ಲ," ಎಂದಳು. ಅವಳಿಗೆ ಗಂಡನತ್ತ ತಿರುಗುವ ಧೈರ್ಯವಾಗಲಿಲ್ಲ.

ಕೆಳಗೆ ಹೋಗಿ ಯಲ್ಲಮ್ಮನವರ ಎದುರಿನ ಮೆಟ್ಟಿಲ ಮೇಲೆ ಕೂತಳು. ಜಯಾ ಅಲ್ಲೇ ಇದ್ದಳು. ಅವಳೂ ಕೇಳಲೆಂದೇ ಭಾನುಮತಿ ದನಿ ಎತ್ತರಿಸಿದಳು.

"ತಪ್ಪು ನಂದು ಯಲ್ಲಮ್ಮಾರ. ಇಲ್ಲೇ ಆಗ್ತೈತಿ ಅಂತ ನಾನ ಹೇಳಿದ್ದು. ಮುಂಜಾನೆ ಸುಳ್ಳಾಡಿದೆ."

"ಮತ್ತ ಗೊತ್ತಿಲ್ಲದ ಯಾಕ ಹೇಳಿದಿ?"

"ನಾಕು ಮಂದಿ ನನ್ನ ಮಾತು ಕೇಳಾಕ ಹತ್ತಿದ್ರು. ಅದಕ್ಕ."

ಯಲ್ಲಮ್ಮ ಅವಳನ್ನು ದಿಟ್ಟಿಸಿದರು. "ಹಂಗಾರ ಭೂಕಂಪ ಆಗಂಗಿಲ್ಲ ಅಂತ ಹೇಳು. ಮ್ಯಾಲ ಬರ್ತೀನಿ."

ಹೂಂ ಎನ್ನುವುದು ಸುಲಭವಿತ್ತು. ಆದರೆ ಇನ್ನೊಂದು ಸುಳ್ಳಿಗೆ ನಾಲಿಗೆ ಏಳಲಿಲ್ಲ.

"ಅದೂ ನನಗ ಗೊತ್ತಿಲ್ರಿ. ಯಾರಿಗೂ ಮುಂಚೆ ಗೊತ್ತಾಗೂದಿಲ್ಲ. ಇಲ್ಲಿ ಆಗೂ ಸಂಭವ ಭಾಳ ಕಡಿಮಿ, ಅಷ್ಟ ಹೇಳಬಲ್ಲೆ."

ಮುದುಕಿ ಮಳೆಯ ಕಡೆ ಮುಖ ತಿರುಗಿಸಿದರು.

"ಅವತ್ತ ಯಾರಾರ ಹೇಳಿದ್ರ ನನ್ನ ಮಗಳನ್ನ ಹೊರಗ ಮಲಗಸ್ತಿದ್ದೆ," ಎಂದರು. "ಅದಕ್ಕ ನಿನ್ನ ಮಾತು ನಂಬಿದೆ."

ಭಾನುಮತಿಯ ತಲೆ ಮೊಣಕಾಲಿಗೆ ತಾಗುವಷ್ಟು ಬಗ್ಗಿತು. ಯಲ್ಲಮ್ಮ ಸೊಸೆಯ ಕೈ ಹಿಡಿದು ಎದ್ದು, ಗೋಡೆ ಸವರುತ್ತ, ನಿಧಾನವಾಗಿ ಮೇಲೆ ಹೋದರು.

ಮುಂದಿನ ಭಜನೆಯಲ್ಲಿ ಭಾನುಮತಿ ತಾನು ಹೇಳಿದ್ದು ತಪ್ಪೆಂದು ಎಲ್ಲರ ಮುಂದೆ ಒಪ್ಪಿಕೊಂಡಳು. "ನಾವು ಅದನ್ನ ಅವತ್ತ ಮರ್ತ್ವಿ ಬಿಡ್ರಿ" ಎಂದು ಹೆಂಗಸರು ನಕ್ಕರು. ಯಲ್ಲಮ್ಮ ನಗಲಿಲ್ಲ. ಈಗಲೂ ಮೆಟ್ಟಿಲಲ್ಲಿ ಸಿಕ್ಕಾಗ ಅವರೇ ಮೊದಲು "ಊಟ ಆತೇನವಾ?" ಎಂದು ಕೇಳುತ್ತಾರೆ. ಆಯಿತು ಎನ್ನುವಾಗ ಭಾನುಮತಿಯ ಕಣ್ಣು ಅವರ ಪಾದದಿಂದ ಮೇಲೇಳುವುದಿಲ್ಲ.