ಹುಳಕ್ಕೊಂದು ಹೆಸರು

ರೇಷ್ಮೆಯ ಹುಳುಮನೆಗೆ ರೋಗ ಬಾರದಿರಲೆಂದು ಫಾರ್ಮಲಿನ್ ಹೊಡೆದು ಬಾಗಿಲು ಹಾಕಿ ಬಂದೆ. ಎಷ್ಟು ತೊಳೆದರೂ ಕೈಯಿಂದ ಆ ಘಾಟು ಹೋಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ನಮ್ಮ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ ಡಾಕ್ಟ್ರಮ್ಮನ ಹತ್ತಿರವೂ ಇದೇ ವಾಸನೆ ಇರುತ್ತಿತ್ತು...

ದನದ ಡಾಕ್ಟರಿಕೆ ಓದಿ, ಕಾಡುಪ್ರಾಣಿಗಳ ಹೊಟ್ಟೆಯ ಲಾಡಿಹುಳುವಿನ ಬೆನ್ನು ಹತ್ತಿದ್ದವರು. ಶಿಡ್ಲಘಟ್ಟದ ಪಕ್ಕದ ನಮ್ಮೂರಿಗೆ ಬಂದ ದಿನವೇ ಅತ್ತೆಯನ್ನು ಕೇಳಿದರು, "ಈ ಕಡೆ ಹುಳ ಜಾಸ್ತಿನಾ ಅಮ್ಮ?"

"ನಮ್ಮನೇಲೇ ಬೇಕಾದಷ್ಟವೆ. ನಿನ್ನೆ ತಾನೆ ಜ್ವರದಿಂದ ಎದ್ದು ಸೊಪ್ಪು ತಿಂತಾ ಅವೆ."

ಪಾಪ, ಡಾಕ್ಟ್ರಮ್ಮ ನಮ್ಮೆಲ್ಲರ ಹೊಟ್ಟೆ ನೋಡಿದರು. ರೇಷ್ಮೆ ಸಾಕುವವರಿಗೆ ಹುಳ ಅಂದರೆ ಒಂದೇ, ಅದು ಪೊರೆ ಕಳಚಲು ಮಲಗುವುದೇ ಜ್ವರ ಎಂದು ನಾನು ಬಿಡಿಸಿ ಹೇಳಬೇಕಾಯಿತು.

ವಾಹನಕ್ಕೆ ಸಿಕ್ಕಿ ಸತ್ತ ಮೊಲವೊಂದರಲ್ಲಿ ಅವರಿಗೆ ನೀರುಗುಳ್ಳೆ ಸಿಕ್ಕಿತ್ತು. ಅದರೊಳಗಿನ ಮರಿಹುಳು ಯಾವ ಪುಸ್ತಕದ್ದನ್ನೂ ಹೋಲುತ್ತಿರಲಿಲ್ಲ. ಮೊಲವನ್ನು ತಿನ್ನುವ ನರಿಯ ಕರುಳಲ್ಲಿ ಅದೇ ಹುಳು ಬೆಳೆದು ಸಿಗಬೇಕು, ಅದೂ ತಲೆ ಸಮೇತ. ಎರಡರ ತಲೆಯ ಕೊಕ್ಕೆಗಳೂ ಹೊಂದಿದರೆ ಹೊಸ ಜಾತಿ ಎಂದು ಧೈರ್ಯವಾಗಿ ಹೇಳಿ ಹೆಸರಿಡಬಹುದು. ಆದರೆ ಸಿಕ್ಕಿದ್ದೆಲ್ಲ ಬರೀ ತುಂಡು. ನಂದಿ ದಾರಿಯಲ್ಲಿ ನರಿ ಸತ್ತಿದೆಯಂತೆ, ಅರಣ್ಯದವರು ಕರೆದಿದ್ದಾರಂತೆ ಎಂದು ಊಟದ ತಟ್ಟೆ ಬಿಟ್ಟು ಓಡುತ್ತಿದ್ದರು. ಆ ಚಡಪಡಿಕೆ ನನಗೂ ಅಂಟಿತು. ಸ್ಕೂಟರ್ ಸದ್ದಾದರೆ ಸಾಕು, ಮೆಟ್ಟಿಲ ಬಳಿ ನಿಂತು "ತಲೆ ಸಿಗ್ತಾ?" ಎಂದು ಕೇಳುತ್ತಿದ್ದೆ.

ಅತ್ತೆಗೆ ತಮಾಷೆ. "ಹೆಸರಿಡೋವಾಗ ಹೇಳಮ್ಮ, ತೊಟ್ಟಿಲು ನಾನೇ ಕಟ್ತೀನಿ. ಸಕ್ಕರೇನೂ ನಂದೇ."

ಒಂದು ಸಂಜೆ ಸಿಕ್ಕೇಬಿಟ್ಟಿತು. ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು, ತಲೆಯ ಸುತ್ತ ಕೊಕ್ಕೆಗಳು. "ಅದೇ ಕಣೇ, ಮೊಲದ್ದೇ ಇದು" ಎನ್ನುತ್ತ ನನ್ನ ಕೈ ಬಿಡಲೇ ಇಲ್ಲ. ಜೀನ್ ಪರೀಕ್ಷೆಯೂ ಹೌದೆನ್ನಲಿ, ಹೆಸರು ಆಮೇಲೆ ಅಂದರು.

ಅಷ್ಟರಲ್ಲಿ ಅವರಿಗೇ ಜ್ವರ ಬಂತು. ನಮ್ಮ ಹುಳಗಳ ಹಾಗೆ ಎದ್ದಾರು ಅಂದುಕೊಂಡೆವು... ಏಳಲಿಲ್ಲ. ಸಾಯುವ ವಯಸ್ಸಲ್ಲ ಅದು, ಈಗಲೂ ಸಿಟ್ಟು ಬರುತ್ತದೆ.

ಈಗ ಅವರ ಶಿಷ್ಯೆ ಫೋನ್ ಮಾಡಿದ್ದಳು. ಹುಳು ಹೊಸದೇ ಅಂತೆ. ಹೆಸರೂ ಇಟ್ಟಾಯಿತಂತೆ, ಡಾಕ್ಟ್ರಮ್ಮನದ್ದೇ.

ಅತ್ತೆಗೆ ಹೇಳಿದೆ. ಒಳಗೆ ಹೋಗಿ, ಡಬ್ಬಿ ತಂದು ನನ್ನ ಅಂಗೈಗೆ ಸಕ್ಕರೆ ಹಾಕಿದರು. ಬಾಯಿಯ ಹತ್ತಿರ ತಂದರೆ ಡಾಕ್ಟ್ರಮ್ಮನದೇ ವಾಸನೆ.