ಬಣ್ಣ ತಿರುಗಿದ ದಮ್ಮಿನ ಔಷಧಿ

ಪುಟ್ಟೀ, ಮುದ್ದೂ, ಇದನ್ನು ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ಯುದ್ಧದ ಕಾಲ. ನಾನು ಅರಿಶಿನಕುಂಟೆಗೆ ಸೊಸೆಯಾಗಿ ಬಂದು ಇನ್ನೂ ವರ್ಷವಾಗಿರಲಿಲ್ಲ. ನನ್ನ ಮಾವನವರಿಗೆ ದಮ್ಮು. ನೆಲಮಂಗಲದ ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ನಿಮ್ಮ ತಾತ ಬೆಂಗಳೂರಿನಲ್ಲಿ ಹುಡುಕಿ ತರುತ್ತಿದ್ದರು. ಕಂದು ಬಣ್ಣದ ಪುಟ್ಟ ಸೀಸೆಯಲ್ಲಿ ನೀರಿನಂಥ ಔಷಧಿ. ಕುಡಿದರೆ ಹೊಟ್ಟೆಯಲ್ಲೇ ಅದರ ಶಕ್ತಿ ಹೋಗಿಬಿಡುತ್ತದಂತೆ. ಹಾಗಾಗಿ ಗಾಜಿನ ಬುರುಡೆಗೆ ನಾಲ್ಕು ಹನಿ ಹಾಕಿ, ಅದಕ್ಕಂಟಿದ ರಬ್ಬರ್ ಉಂಡೆ ಅಮುಕಿ, ಹೊಗೆಯ ಹಾಗೆ ಬಂದದ್ದನ್ನು ಬಾಯಿಂದ ಎಳೆದುಕೊಳ್ಳಬೇಕು. ಎಳೆದ ಸ್ವಲ್ಪ ಹೊತ್ತಿಗೆ ಮಾವನವರ ಎದೆ ಡವಡವ ಹೊಡೆದುಕೊಂಡು ಬೆರಳುಗಳು ನಡುಗುತ್ತಿದ್ದವು. ಅದರ ಹಿಂದೆಯೇ ಉಸಿರು ಸಲೀಸಾಗುತ್ತಿತ್ತು.

ಕಂದು ಗಾಜಿನೊಳಗೆ ಎಷ್ಟು ಉಳಿದಿದೆಯೋ ಕಾಣುತ್ತಿರಲಿಲ್ಲ. ಮುಗಿಯುವ ಮೊದಲೇ ತಿಳಿಯಲಿ ಎಂದು, ಯಾರನ್ನೂ ಕೇಳದೆ, ತೊಳೆದೊಣಗಿಸಿದ ಬಿಳಿ ಸೀಸೆಗೆ ಬಗ್ಗಿಸಿ ಅಡುಗೆಮನೆಯ ಕಿಟಕಿಯಲ್ಲಿ ಉಪ್ಪಿನಕಾಯಿ ಜಾಡಿಯ ಪಕ್ಕ ಇಟ್ಟೆ. ಬಿಸಿಲು ಕಂಡದ್ದು ಕೆಡುವುದಿಲ್ಲ ಎಂಬುದಷ್ಟೇ ನನ್ನ ತಿಳಿವಳಿಕೆ. ಆ ವಾರ ಮಾವನವರು ಚೆನ್ನಾಗಿದ್ದರು, ಔಷಧಿ ಯಾರಿಗೂ ಬೇಕಾಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಅದು ಕುಂಕುಮ ಕದಡಿದ ನೀರಿನಂತಾಗಿತ್ತು.

ಮಾವನವರ ಎದುರು ನಿಂತು ಮಾತಾಡುವ ರೂಢಿ ಆಗ ಸೊಸೆಯರಿಗಿರಲಿಲ್ಲ. ಅತ್ತೆಯವರಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮತ್ತೆ ಕಂದು ಸೀಸೆಗೇ ಸುರಿದು, ಮೊದಲಿದ್ದ ಜಾಗದಲ್ಲಿಟ್ಟೆ.

ರಾಗಿ ಒಕ್ಕಣೆಯ ದೂಳಿಗೆ ದಮ್ಮು ಎದ್ದಿತು. ಕಣ್ಣು ಮಂಜಾಗಿದ್ದ ಅತ್ತೆಯವರು ಹನಿ ಹಾಕಿ ಉಂಡೆ ಅಮುಕಿದರು. ನಾನು ಬಾಗಿಲ ಮರೆಯಿಂದ ಮಾವನವರ ಬೆರಳನ್ನೇ ನೋಡುತ್ತಿದ್ದೆ. ನಡುಗಲಿಲ್ಲ. ತುಟಿ ನೀಲಿಯಾಯಿತು. ಗಾಡಿ ಕಟ್ಟಿ ನೆಲಮಂಗಲಕ್ಕೆ ಒಯ್ದರು. ಇಂಜೆಕ್ಷನ್ ಕೊಟ್ಟ ಮೇಲೆ ಜೀವ ಉಳಿಯಿತು. ಡಾಕ್ಟರು ಸೀಸೆ ನೋಡಿ, ಗಾಳಿ ಬೆಳಕು ತಾಗಿ ಬಣ್ಣ ತಿರುಗಿದೆ, ಇದರಲ್ಲಿ ಶಕ್ತಿಯೇ ಇಲ್ಲ ಎಂದರಂತೆ.

ಮನೆಗೆ ಬಂದ ಮಾವನವರು ಜಗುಲಿಯಲ್ಲಿ ಕೂತು ಅತ್ತೆಯವರನ್ನು ತರಾಟೆಗೆ ತೆಗೆದುಕೊಂಡರು. "ಬಿರಡೆ ಬಿಗಿಯಾಗಿ ಹಾಕೇ ಅಂತ ಎಷ್ಟು ಸಲ ಬಡ್ಕೊಂಡೆ? ನನ್ನ ಕಳಿಸ್ಬಿಟ್ಟು ಆರಾಮಾಗಿ ಇರೋಣ ಅಂತಾನಾ?"

"ಬಿಡ್ತು ಅನ್ನಿ! ಹಾಕಿದ್ದೆ ಕಣ್ರೀ." ಅತ್ತೆಯವರು ಸೀಸೆಯ ಬಿರಡೆಯನ್ನು ತಡವಿ ನೋಡಿದರು. "ಹಾಕಿದ್ನೋ ಇಲ್ವೋ. ನಂಗೂ ವಯಸ್ಸಾಯ್ತು."

ನಾನು ಒಳಗೆ ಮುದ್ದೆ ತೊಳಸುತ್ತಿದ್ದೆ. ಹಿಟ್ಟು ಬೆಂದ ಮೇಲೂ ತೊಳಸುತ್ತಲೇ ಇದ್ದೆ.

ಆಮೇಲೆ ಹೊಸ ಸೀಸೆ ಬಂದರೂ ಅತ್ತೆಯವರು ಅದನ್ನು ಮುಟ್ಟಲಿಲ್ಲ. "ನೀನೇ ಹಾಕಮ್ಮ, ನಿನ್ನ ಕೈ ಜೋಪಾನ" ಎನ್ನುತ್ತಿದ್ದರು. ಅವರು ತೀರಿಕೊಳ್ಳುವವರೆಗೂ ನಾನು ಬಾಯಿ ಬಿಡಲಿಲ್ಲ.

ಈ ಹಾಳೆಗಳನ್ನು ಕಳೆಯಬೇಡಿ ಮಕ್ಕಳೇ. ತಪ್ಪು ನಿಮ್ಮ ಮುತ್ತಜ್ಜಿಯದಲ್ಲ ಎಂದು ಬರೆದಿರುವುದು ಇದರಲ್ಲಿ ಮಾತ್ರ.